ದೊಡ್ಡ ಬೈಕು, ಒದ್ದೆ ಪ್ಯಾಂಟು

"ಭಾವ, ನಿಮ್ಮ ವಯಸ್ಸಿಗೆ ಸ್ಕೂಟರೇ ಲಾಯಕ್ಕು ಬಿಡಿ."

ಬಾಮೈದ ಈ ಮಾತು ಹೇಳಿದ್ದು ಒಂದೇ ಸಲ. ಅದೂ ಕಾರಿನ ಕಿಟಕಿಯನ್ನು ನಾಲ್ಕು ಬೆರಳಷ್ಟು ಇಳಿಸಿ, ಒಳಗಿನ ತಂಪು ಗಾಳಿ ಪೋಲಾದೀತೆಂದು ಗಡಿಬಿಡಿಯಲ್ಲಿ ಹೇಳಿ, ಮತ್ತೆ ಕಿಟಕಿ ಏರಿಸಿಕೊಂಡು ಹೊರಟುಹೋದ. ಹೇಳಿದವನು ಮರೆತ. ಕೇಳಿಸಿಕೊಂಡವರು ಮರೆಯಲಿಲ್ಲ.

ಕೇಳಿಸಿಕೊಂಡವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದರು. ಅಂಗಡಿಯವರು ತಂದ ತಕ್ಕಡಿಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಸೀಸದ ಮುದ್ರೆ ಒತ್ತಿ, ಇಲ್ಲದಿದ್ದರೆ ಬೈದು ಕಳಿಸುವುದು ಅವರ ಉದ್ಯೋಗ. ಹಾಗಾಗಿ ಕಚೇರಿಯಲ್ಲೂ ಬೀದಿಯಲ್ಲೂ ಅವರಿಗೆ ತಕ್ಕಡಿಯವರು ಎಂದೇ ಹೆಸರು ಬಿದ್ದಿತ್ತು. ಐದು ಗ್ರಾಂ ಆಚೀಚೆಯಾದರೆ ಅನ್ನ ಸೇರದ ಮನುಷ್ಯ. ಅಂಥವರ ತೂಕವನ್ನೇ ಬಾಮೈದ ನಡುಬೀದಿಯಲ್ಲಿ ಕಡಿಮೆ ತೋರಿಸಿಬಿಟ್ಟಿದ್ದ.

ಮೂರನೇ ವಾರಕ್ಕೆ ಅವರ ಮನೆಯ ಮುಂದೆ ಒಂದು ಬೈಕು ಬಂದು ನಿಂತಿತು. ಅದನ್ನು ಬೈಕು ಎನ್ನುವುದು ಆನೆಯನ್ನು ಸಾಕುಪ್ರಾಣಿ ಎಂದ ಹಾಗೆ. ದೇಶ ಸುತ್ತುವವರಿಗೆಂದೇ ಮಾಡಿದ ಗಾಡಿ. ಎದುರಿಗೆ ಆಳೆತ್ತರದ ಗಾಜು, ಅಕ್ಕಪಕ್ಕ ಎರಡು ಪೆಟ್ಟಿಗೆ, ಹಾಡಲು ರೇಡಿಯೋ, ಒರಗಲು ದಿಂಬು. ಹಡಗಿನಲ್ಲಿ ಇಂಜಿನಿಯರಾಗಿದ್ದು ನಿವೃತ್ತನಾದ ಮುದುಕನೊಬ್ಬ ಮಂಡಿನೋವಿನ ದೆಸೆಯಿಂದ ಮಾರಿದ್ದ. ಗೇಟಿನೊಳಗೆ ಅದು ನುಗ್ಗಲಿಲ್ಲವಾಗಿ ಗೇಟನ್ನೇ ಕಳಚಿ ಗೋಡೆಗೆ ಒರಗಿಸಬೇಕಾಯಿತು. ಬೀದಿಯ ಆರು ಮಂದಿ ಸೇರಿ ಒಳಗೆ ತಳ್ಳಿದರು. ತಳ್ಳಿದ ಮೇಲೆ ಚಪ್ಪಾಳೆಯನ್ನೂ ತಟ್ಟಿದರು.

"ಮುನ್ನೂರ ಅರವತ್ತೆಂಟು ಕೆಜಿ. ಪೆಟ್ರೋಲ್ ಬಿಟ್ಟು," ಎಂದು ತಕ್ಕಡಿಯವರು ಇಲಾಖೆಯ ಗತ್ತಿನಲ್ಲಿ ಘೋಷಿಸಿದರು.

ಅವರ ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವಳು. ಹೆಗಲ ಮೇಲಿನ ಅಳತೆ ಟೇಪನ್ನು ತೆಗೆಯದೆಯೇ ಹೊರಗೆ ಬಂದು ಬೈಕಿಗೆ ಒಂದು ಸುತ್ತು ಹಾಕಿದಳು.

"ಇದನ್ನ ಎಲ್ಲಿಗೆ ಓಡಿಸ್ತೀರಿ?"

"ಆಫೀಸಿಗೆ."

"ಆಫೀಸು ಇರೋದೇ ನಾಲ್ಕು ಕಿಲೋಮೀಟರು."

"ನಾಲ್ಕೇ ಆಗ್ಲಿ. ಸೋಫಾ ಮೇಲೆ ಕೂತ ಹಾಗೆ ಹೋಗ್ತೀನಿ."

"ಸೋಫಾ ಮನೇಲೇ ಇದೆಯಲ್ರೀ. ಅದರ ಮೇಲೆ ಕೂತು ಎಲ್ಲೂ ಹೋಗ್ದೆ ಇದ್ರೆ ಇನ್ನೂ ಆರಾಮ."

ಹೆಂಡತಿಯರಿಗೆ ದೂರಪ್ರಯಾಣದ ಗಾಡಿಗಳ ಮರ್ಮ ತಿಳಿಯುವುದಿಲ್ಲವೆಂದು ತಕ್ಕಡಿಯವರು ಕ್ಷಮಿಸಿಬಿಟ್ಟರು. ಕೂಡಲೇ ಬಾಮೈದನಿಗೆ ಫೋನು ಮಾಡಿ, ಆರಾಮ ಎಂಬ ಪದವನ್ನು ಒಂದು ನಿಮಿಷದಲ್ಲಿ ಹದಿನಾಲ್ಕು ಸಲ ಬಳಸಿದರು.

ಮಾರನೆಯ ಬೆಳಿಗ್ಗೆ ಒಂಬತ್ತೂವರೆಗೆ ಸವಾರಿ ಹೊರಟಿತು. ಮನೆಯಿಂದ ಕಚೇರಿಗೆ ಏಳು ಸಿಗ್ನಲ್ಲು. ಮೊದಲನೆಯದರಲ್ಲಿ ತಕ್ಕಡಿಯವರು ಅಕ್ಕಪಕ್ಕದ ಸ್ಕೂಟರುಗಳನ್ನು ಮೇಲಿನಿಂದ ನೋಡಿದರು. ಎರಡನೆಯದರಲ್ಲಿ ರೇಡಿಯೋ ಹಾಕಿದರು. ಮೂರನೆಯದರಲ್ಲಿ ಬಲತೊಡೆಯ ಒಳಭಾಗಕ್ಕೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು. ಬಗ್ಗಿ ನೋಡಿದರು. ಯಾರೂ ಇರಲಿಲ್ಲ.

ವಿಷಯ ಏನೆಂದರೆ, ಆ ಗಾಡಿಗೆ ಎರಡು ಸಿಲಿಂಡರು. ಒಂದು ಮುಂದೆ, ಇನ್ನೊಂದು ಸರಿಯಾಗಿ ಸವಾರನ ತೊಡೆಯ ಕೆಳಗೆ. ಗಾಡಿ ಓಡುತ್ತಿರುವಷ್ಟು ಹೊತ್ತು ಗಾಳಿ ಬಂದು ಎರಡನ್ನೂ ತಣ್ಣಗಿಡುತ್ತದೆ. ನಿಂತಿತೋ, ಗಾಳಿಯಿಲ್ಲ. ಆಗ ಇಂಜಿನ್ನಿನ ಕಾಳಜಿ ನೋಡಲೆಂದು ಒಂದು ಫ್ಯಾನು ತಾನಾಗಿಯೇ ತಿರುಗಲು ಶುರುಮಾಡುತ್ತದೆ. ಫ್ಯಾನಿಗೆ ಇಂಜಿನ್ನಿನ ಚಿಂತೆಯೇ ಹೊರತು ಮನುಷ್ಯನ ಚಿಂತೆಯಿಲ್ಲ. ಅದು ಇಂಜಿನ್ನಿನ ಸಮಸ್ತ ಬಿಸಿಯನ್ನೂ ಬಾಚಿ ತಂದು ತಕ್ಕಡಿಯವರ ತೊಡೆಯ ಮೇಲೆ ಸುರಿಯಿತು. ನಾಲ್ಕನೇ ಸಿಗ್ನಲ್ಲಿನಲ್ಲಿ ಅವರು ಬಲಗಾಲನ್ನು ಎತ್ತಿ ಗಾಳಿಯಲ್ಲಿ ಹಿಡಿದರು. ಐದನೆಯದರಲ್ಲಿ ಎಡಗಾಲನ್ನೂ ಎತ್ತಲು ಹೋಗಿ, ಮುನ್ನೂರ ಅರವತ್ತೆಂಟು ಕೆಜಿಯ ನೆನಪಾಗಿ ಮತ್ತೆ ಊರಿದರು. ಆರನೆಯದು ಹಸಿರಾಗುವುದರೊಳಗೆ ತಮಗೆ ಗೊತ್ತಿದ್ದ ದೇವರುಗಳ ಹೆಸರೆಲ್ಲ ಮುಗಿದು, ಮೇಲಧಿಕಾರಿಗಳ ಹೆಸರು ಹೇಳತೊಡಗಿದ್ದರು.

ಕಚೇರಿಯ ಬಾಗಿಲಲ್ಲಿ ಎಲ್ಲರೂ ಕಾದು ನಿಂತಿದ್ದರು.

"ಹೇಗಿದೆ ಸಾರ್ ಗಾಡಿ?" ಎಂದ ಜವಾನ.

"ಸೋಫಾ!" ಎಂದರು ತಕ್ಕಡಿಯವರು, ಕಣ್ಣಲ್ಲಿ ನೀರು ತುಂಬಿಕೊಂಡು. ಎರಡು ಕಾಲಿನ ನಡುವೆ ಒಂದು ಕುಂಬಳಕಾಯಿ ಇಟ್ಟುಕೊಂಡವರ ಹಾಗೆ ಮೆಟ್ಟಿಲು ಹತ್ತಿದರು.

"ದೊಡ್ಡ ಗಾಡಿ ಓಡಿಸೋರು ನಡೆಯೋದೇ ಹಾಗೆ," ಎಂದು ಜವಾನ ಉಳಿದವರಿಗೆ ವಿವರಿಸಿದ.

ಮಧ್ಯಾಹ್ನ ತಕ್ಕಡಿಯವರು ದಾಖಲೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಡಗಿನ ಮುದುಕನಿಗೆ ಫೋನು ಮಾಡಿದರು.

"ಸುಡತ್ತಾ? ಸುಡದೆ ಇನ್ನೇನು ಸ್ವಾಮಿ!" ಎಂದ ಆತ. "ಅದು ಓಡೋ ಗಾಡಿ, ನಿಲ್ಲೋ ಗಾಡಿ ಅಲ್ಲ. ಉದ್ದ ರಸ್ತೇಲಿ ಬಿಡಿ, ತೊಟ್ಟಿಲ ಹಾಗಿರತ್ತೆ. ಸಿಗ್ನಲ್‌ನಲ್ಲಿ ನಿಲ್ಲಿಸಿದ್ರೆ ಒಲೆ."

"ಮೊದ್ಲೇ ಯಾಕ್ರೀ ಹೇಳ್ಲಿಲ್ಲ?"

"ನೀವು ತೂಕ ಎಷ್ಟು ಅಂತ ಮಾತ್ರ ಕೇಳಿದ್ರಿ."

ಸೋತೆ ಎಂದು ಬಾಮೈದನ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ತೊಡೆ ಬೇಯುವುದೇ ಮೇಲು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಎರಡು ದಿನ ಯೋಚಿಸಿ ತಕ್ಕಡಿಯವರು ಒಂದು ಉಪಾಯ ಕಂಡುಹಿಡಿದರು. ಬೆಳಿಗ್ಗೆ ಬಚ್ಚಲಲ್ಲಿ ಒಂದು ಟವೆಲನ್ನು ಚೆನ್ನಾಗಿ ನೀರಲ್ಲಿ ಅದ್ದಿ ತೊಡೆಗೆ ಸುತ್ತಿ, ಅದರ ಮೇಲೆ ಪ್ಯಾಂಟು ಏರಿಸಿ ಹೊರಟರು. ಪ್ರಯೋಗ ಅದ್ಭುತವಾಗಿ ಗೆದ್ದಿತು. ಐದನೇ ಸಿಗ್ನಲ್ಲಿನಲ್ಲಿ ಸ್ವಲ್ಪ ಹಬೆ ಬಂದದ್ದು ಬಿಟ್ಟರೆ ದಾರಿಯುದ್ದಕ್ಕೂ ತಂಪೋ ತಂಪು. ಕಚೇರಿಗೆ ಬಂದವರೇ ಶೌಚಾಲಯಕ್ಕೆ ಹೋಗಿ ಟವೆಲು ಬಿಚ್ಚಿ ಚೀಲಕ್ಕೆ ತುರುಕಿ, ಏನೂ ಆಗದವರ ಹಾಗೆ ಬಂದು ಕುಳಿತರು.

ಒಂದು ಸಣ್ಣ ಲೆಕ್ಕ ಮಾತ್ರ ತಪ್ಪಿತ್ತು. ನೀರು ಯಾವ ಇಲಾಖೆಯ ನಿಯಮಕ್ಕೂ ಬಗ್ಗುವುದಿಲ್ಲ. ಬಟ್ಟೆ ಸಿಕ್ಕಿದಲ್ಲೆಲ್ಲ ಹರಡುತ್ತದೆ. ಕಡುನೀಲಿ ಪ್ಯಾಂಟಾದ್ದರಿಂದ ಒದ್ದೆ ಯಾರಿಗೂ ಕಾಣದು ಎಂಬುದು ತಕ್ಕಡಿಯವರ ನಂಬಿಕೆ. ಕಾಣುತ್ತಿತ್ತು. ಸೊಂಟದ ಕೆಳಗಿನಿಂದ ಮಂಡಿಯವರೆಗೆ, ಯಾವ ಕೋನದಿಂದ ನೋಡಿದರೂ ಸ್ಪಷ್ಟವಾಗಿ ಕಾಣುತ್ತಿತ್ತು.

ಮೊದಲು ಕಂಡವನು ಜವಾನ. ದಿನಾ ಬೆಳಿಗ್ಗೆ ಬರುವಾಗ ಪ್ಯಾಂಟು ಒದ್ದೆ, ಬಂದವರೇ ಶೌಚಾಲಯಕ್ಕೆ ಓಟ, ನಡಿಗೆ ಅಗಲ, ಮುಖದಲ್ಲಿ ನೋವು. ಎರಡಕ್ಕೆ ಎರಡು ಕೂಡಿಸಿ ಜವಾನ ನಾಲ್ಕು ಮಾಡಿದ. ನಾಲ್ಕನ್ನು ಊಟದ ಹೊತ್ತಿಗೆ ಟೈಪಿಸ್ಟಿಗೆ ಹೇಳಿದ. ಅವಳ ಬಾಯಲ್ಲಿ ಅದು ಎಂಟಾಯಿತು. ಸಂಜೆಯ ಹೊತ್ತಿಗೆ ಕಚೇರಿಯ ಗೋಡೆಗಳಿಗೂ ಗೊತ್ತಿತ್ತು. ಗೊತ್ತಿಲ್ಲದವರು ತಕ್ಕಡಿಯವರು ಒಬ್ಬರೇ.

ಮಾತು ಮೇಡಂ ಕಿವಿಗೂ ಬಿತ್ತು. ಮೇಡಂ ಎಂದರೆ ಆ ಕಚೇರಿಯ ಮುಖ್ಯಾಧಿಕಾರಿ. ಕಟ್ಟುನಿಟ್ಟಿನ ಹೆಂಗಸಾದರೂ ಕರುಳು ಮೆತ್ತಗೆ. ಆ ತಿಂಗಳು ಅವರ ಮೇಜಿನ ಮೇಲೆ ಒಂದು ಕಡತವಿತ್ತು. ಸಂಚಾರಿ ಪರೀಕ್ಷಕ ಎಂಬ ಹುದ್ದೆಗೆ ಒಬ್ಬರನ್ನು ಆರಿಸಬೇಕಿತ್ತು. ದೂರದೂರದ ಸಂತೆ ಮಾರುಕಟ್ಟೆಗಳಿಗೆ ತಿರುಗಿ ಅಲ್ಲಲ್ಲೇ ತಕ್ಕಡಿ ಪರೀಕ್ಷಿಸುವ ಕೆಲಸ. ತಕ್ಕಡಿಯವರು ಅದಕ್ಕಾಗಿ ಹನ್ನೊಂದು ವರ್ಷದಿಂದ ಬಾಯಿ ಬಿಟ್ಟುಕೊಂಡು ಕೂತಿದ್ದರು. ಮೇಡಂ ಅವರ ಹೆಸರನ್ನೇ ಬರೆದೂ ಇದ್ದರು. ಈಗ ಪೆನ್ನು ಕೆಳಗಿಟ್ಟು, ಅವರನ್ನು ಒಳಗೆ ಕರೆಸಿ ಬಾಗಿಲು ಹಾಕಿಸಿದರು.

"ಕೂತ್ಕೊಳ್ಳಿ," ಎಂದವರು, ಕುರ್ಚಿಯ ಮೆತ್ತೆಯತ್ತ ಒಮ್ಮೆ ನೋಡಿ, "ಅದರ ಮೇಲೆ ಬೇಡ. ಆ ಮರದ ಸ್ಟೂಲಿನ ಮೇಲೆ," ಎಂದರು.

ತಕ್ಕಡಿಯವರು ಕುಳಿತರು.

"ನನ್ನ ನಿಮ್ಮ ಅಕ್ಕ ಅಂದ್ಕೊಳ್ಳಿ. ಎಷ್ಟು ದಿನದಿಂದ ಇದು?"

ಕಿಟಕಿಯಾಚೆ ಬೈಕು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ತಕ್ಕಡಿಯವರ ಮುಖವೂ ಹೊಳೆಯಿತು. "ಹನ್ನೆರಡು ದಿನ ಆಯ್ತು ಮೇಡಂ."

"ಇದ್ದಕ್ಕಿದ್ದ ಹಾಗೆ ಶುರುವಾಯ್ತಾ?"

"ಇಲ್ಲ ಮೇಡಂ. ವರ್ಷಗಟ್ಟಲೆ ಒಳಗೊಳಗೇ ಇತ್ತು, ತಡ್ಕೊಂಡಿದ್ದೆ. ಈಗ ತಡೆಯೋಕೆ ಆಗ್ಲಿಲ್ಲ."

ಮೇಡಂ ಕಣ್ಣು ಮುಚ್ಚಿ ತೆರೆದರು. "ದಿನಕ್ಕೆ ಎಷ್ಟು ಸಲ?"

"ಬೆಳಿಗ್ಗೆ ಬರ್ತಾ ಒಂದ್ಸಲ, ಸಂಜೆ ಹೋಗ್ತಾ ಒಂದ್ಸಲ. ಭಾನುವಾರ ಸುಮ್ನೆ ಖುಷಿಗೆ ಇನ್ನೊಂದ್ಸಲ."

"ಖುಷಿಗಾ!"

"ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ..." ತಕ್ಕಡಿಯವರು ತಡವರಿಸಿದರು. ಸುಡುತ್ತದೆ ಎನ್ನುವಂತಿಲ್ಲ. "ಸ್ವಲ್ಪ ಬೆಚ್ಚಗೆ ಅನ್ಸತ್ತೆ."

ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಮನೆಯವರಿಗೆ ಗೊತ್ತಾ?"

"ಇಡೀ ಬೀದಿಗೇ ಗೊತ್ತು ಮೇಡಂ! ಮೊದಲನೇ ದಿನ ಎಲ್ಲರೂ ಮನೆ ಮುಂದೆ ನಿಂತು ಚಪ್ಪಾಳೆ ತಟ್ಟಿದ್ರು."

"ಎಂಥ ಜನ ಇರ್ತಾರಪ್ಪ," ಎಂದು ಮೇಡಂ ಗೊಣಗಿದರು. "ನೋಡಿ, ಈ ವಯಸ್ಸಲ್ಲಿ ಇದೆಲ್ಲ ಸಹಜ. ನಾಚಿಕೆ ಪಡೋಕೆ ಹೋಗ್ಬೇಡಿ."

"ನಾಚಿಕೆ ಯಾಕೆ ಮೇಡಂ? ನಂಗೆ ಹೆಮ್ಮೆ! ನೀವೂ ಯಾವಾಗಾದ್ರೂ ಒಂದ್ಸಲ—"

"ಬೇಡ!" ಎಂದು ಮೇಡಂ ಗಂಟೆ ಒತ್ತಿ ಜವಾನನನ್ನು ಕರೆದರು.

ಮಧ್ಯಾಹ್ನದೊಳಗೆ ತಕ್ಕಡಿಯವರ ಮೇಜನ್ನು ಶೌಚಾಲಯದ ಪಕ್ಕಕ್ಕೆ ಸಾಗಿಸಲಾಯಿತು. ಮೆತ್ತೆಯ ಕುರ್ಚಿ ಹೋಗಿ ರೆಕ್ಸಿನ್ನಿನದು ಬಂತು. ಆ ಮೂಲೆಯ ಕಿಟಕಿಯಿಂದ ಬೈಕು ಚೆನ್ನಾಗಿ ಕಾಣುತ್ತಿದ್ದುದರಿಂದ, ಗಾಡಿಯ ಮೇಲೆ ಕಣ್ಣಿಟ್ಟುಕೊಳ್ಳಲಿ ಎಂದೇ ಮೇಡಂ ಈ ಉಪಕಾರ ಮಾಡಿದ್ದಾರೆಂದು ತಕ್ಕಡಿಯವರು ತಿಳಿದರು. ಗಾಡಿ ದೊಡ್ಡದಾದರೆ ಮರ್ಯಾದೆಯೂ ದೊಡ್ಡದು ಎಂದುಕೊಂಡರು.

ಮೇಡಂ ಅಷ್ಟಕ್ಕೇ ಬಿಡದೆ ತಕ್ಕಡಿಯವರ ಹೆಂಡತಿಗೂ ಫೋನು ಮಾಡಿದರು. ಹೆಂಡತಿ ಎಲ್ಲ ಕೇಳಿಸಿಕೊಂಡು, ಫೋನಿಟ್ಟು, ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದ ಎರಡು ಪ್ಯಾಂಟು, ನಾಲ್ಕು ಟವೆಲುಗಳ ಎದುರು ನಿಂತು ಅತ್ತಳು. ಆಮೇಲೆ ತಮ್ಮನನ್ನು ಕರೆಸಿದಳು. ತಮ್ಮ ಬರುವಾಗ ಪಕ್ಕದ ಮನೆಯ ಕಾಂಪೌಂಡರನ್ನೂ ಕರೆತಂದ. ಕಾಂಪೌಂಡರು ಆಸ್ಪತ್ರೆಯಿಂದ ನಿವೃತ್ತರಾಗಿದ್ದರೂ ಸಲಹೆ ಕೊಡುವುದರಿಂದ ನಿವೃತ್ತರಾಗಿರಲಿಲ್ಲ.

"ಮೊದ್ಲು ನೀರು ನಿಲ್ಲಿಸಿ," ಎಂದರು ಕಾಂಪೌಂಡರು. "ಒಳಗೆ ಹೋದ್ರೆ ತಾನೇ ಹೊರಗೆ ಬರೋದು?"

"ಡಾಕ್ಟರ ಹತ್ರ ಕರ್ಕೊಂಡು ಹೋಗೋಣ್ವೇನೋ?" ಎಂದಳು ಹೆಂಡತಿ.

"ಭಾವ ಬರ್ತಾರಾ ಅಕ್ಕ? ಸ್ವಾಭಿಮಾನಿ. ಅವರೆದುರು ನಾವು ಬಾಯೇ ಬಿಡಬಾರದು. ಗೊತ್ತಾಗದ ಹಾಗೆ ಸಂಭಾಳಿಸ್ಬೇಕು," ಎಂದ ಬಾಮೈದ. ಅವನ ಕಣ್ಣೂ ಒದ್ದೆಯಾಗಿತ್ತು. ಸ್ಕೂಟರಿನ ಮಾತು ಆಡಿದ್ದು ಈಗ ಅವನಿಗೆ ನೆನಪಾಗಿ ಚುಚ್ಚುತ್ತಿತ್ತು.

ಆ ಸಂಜೆ ತಕ್ಕಡಿಯವರು ಏಳು ಸಿಗ್ನಲ್ಲು ದಾಟಿ, ಗಂಟಲು ಒಣಗಿ ಮರಳಾಗಿ ಮನೆಗೆ ಬಂದರು.

"ಒಂದು ಚೊಂಬು ನೀರು ಕೊಡೇ."

ಹೆಂಡತಿ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ನೀರು ತಂದಳು.

"ಇದೇನಿದು?"

"ನಲ್ಲೀಲಿ ಬರ್ತಿಲ್ಲ," ಎಂದಳು. ಹಿಂದೆ ಅಡುಗೆಮನೆಯಲ್ಲಿ ನಲ್ಲಿ ಬುಳುಬುಳು ಸುರಿಯುತ್ತಿತ್ತು.

ಬಾಮೈದನಂತೂ ಪೂರಾ ಬದಲಾಗಿಬಿಟ್ಟಿದ್ದ. ಬೀದಿಯಲ್ಲಿ ಎದುರಾದರೆ ಕಾರಿನ ಕಿಟಕಿಯನ್ನು ಪೂರ್ತಿ ಇಳಿಸಿ, ತಂಪು ಗಾಳಿಯ ಪರಿವೆಯೇ ಇಲ್ಲದೆ, "ಹೇಗಿದೀರಿ ಭಾವ? ದಣಿವಾಗಿಲ್ಲ ತಾನೇ?" ಎಂದು ಮೆಲ್ಲಗೆ ಕೇಳುತ್ತಿದ್ದ. ಕೈಯ ಚೀಲ ಇಸಿದುಕೊಳ್ಳುತ್ತಿದ್ದ. ಮುನ್ನೂರ ಅರವತ್ತೆಂಟು ಕೆಜಿ ಕೊನೆಗೂ ತನ್ನ ಕೆಲಸ ಮಾಡಿತಲ್ಲ ಎಂದು ತಕ್ಕಡಿಯವರು ಮೀಸೆಯಲ್ಲೇ ನಕ್ಕರು. ತೊಡೆ ಬೆಂದದ್ದು ಸಾರ್ಥಕ ಎನಿಸಿತು.

ಅದೇ ವಾರ ಹೆಂಡತಿ ಸದ್ದಿಲ್ಲದೆ ಒಂದು ಕೆಲಸ ಮಾಡಿದಳು. ಎಳೆಮಕ್ಕಳ ಹಾಸಿಗೆಗೆ ಹಾಸುವ ರಬ್ಬರ್ ಶೀಟನ್ನು ತಂದು, ಅಳತೆಗೆ ಕತ್ತರಿಸಿ, ಗಂಡನ ಮೂರೂ ಪ್ಯಾಂಟುಗಳ ಒಳಗೆ ನಾಜೂಕಾಗಿ ಹೊಲಿದಳು. ಒಳಗಿನದು ಹೊರಗೆ ಬಾರದಿರಲಿ ಎಂದು ಅವಳ ಉದ್ದೇಶ. ಬೆಳಿಗ್ಗೆ ಪ್ಯಾಂಟು ಏರಿಸಿದ ತಕ್ಕಡಿಯವರಿಗೆ ತೊಡೆಯ ಬಳಿ ದಪ್ಪಗಿನ ಒಳಪದರ ಕೈಗೆ ಸಿಕ್ಕಿತು. ತಾನು ಬಾಯಿಬಿಟ್ಟು ಹೇಳದಿದ್ದರೂ ಇವಳು ಸುಡುವುದನ್ನು ಕಂಡುಕೊಂಡಳಲ್ಲ! ಕಂಡುಕೊಂಡೂ ಆಡಿತೋರಿಸಲಿಲ್ಲವಲ್ಲ!

"ನೀನು ದೊಡ್ಡವಳು ಕಣೇ," ಎಂದರು ಬಾಗಿಲಲ್ಲಿ ನಿಂತು.

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದೆಲ್ಲ ಏನಿಲ್ಲ. ಹುಷಾರಾಗಿ ಹೋಗಿ ಬನ್ನಿ."

ಆ ದಿನ ಅವರು ಒದ್ದೆ ಟವೆಲು ಸುತ್ತಲಿಲ್ಲ. ಹೆಂಡತಿಯ ಕೈಹೊಲಿಗೆಯ ಮೇಲೆ ಅಷ್ಟು ವಿಶ್ವಾಸ.

ಮೂರು ಸಿಗ್ನಲ್ಲು ಸುಖವಾಗಿ ಕಳೆದವು. ನಾಲ್ಕನೆಯದರಲ್ಲಿ ಏನೋ ವಾಸನೆ ಬಂತು. ಯಾರೋ ಟೈರು ಸುಡುತ್ತಿದ್ದಾರೆಂದು ತಕ್ಕಡಿಯವರು ಮೂಗು ಮುಚ್ಚಿಕೊಂಡರು. ಐದನೆಯ ಸಿಗ್ನಲ್ಲಿನಲ್ಲಿ ಮುಂದೊಂದು ಲಾರಿ ಕೆಟ್ಟು ಅಡ್ಡ ನಿಂತಿತ್ತು. ಹತ್ತು ನಿಮಿಷ ಒಂದೇ ಕಡೆ ನಿಂತರು. ಫ್ಯಾನು ಕರ್ತವ್ಯನಿಷ್ಠೆಯಿಂದ ತಿರುಗಿತು. ರಬ್ಬರು ಮೊದಲು ಮೆತ್ತಗಾಯಿತು, ಆಮೇಲೆ ಅಂಟಾಯಿತು, ಆಮೇಲೆ ತನ್ನ ಸ್ವಭಾವಕ್ಕೆ ತಕ್ಕ ಹಾಗೆ ಹೊಗೆಯಾಡತೊಡಗಿತು.

ಕೊಡೆಯ ಕೆಳಗೆ ನಿಂತಿದ್ದ ಟ್ರಾಫಿಕ್ ಪೇದೆ ಶಿಳ್ಳೆಯನ್ನು ಬಾಯಿಂದ ತೆಗೆಯದೆಯೇ ಓಡಿ ಬಂದ.

"ಸಾರ್! ನಿಮ್ಮ ಪ್ಯಾಂಟಿಂದ ಹೊಗೆ ಬರ್ತಿದೆ!"

"ದೂರಪ್ರಯಾಣದ ಗಾಡಿ. ಹಾಗೇ," ಎಂದರು ತಕ್ಕಡಿಯವರು, ಹಲ್ಲು ಕಚ್ಚಿಕೊಂಡು.

"ಗಾಡಿಯಿಂದಲ್ಲ ಸಾರ್, ನಿಮ್ಮಿಂದ!"

ಪೇದೆ ಕರ್ತವ್ಯದಲ್ಲಿ ಹಿಂದೆ ಬೀಳುವವನಲ್ಲ. ಪಕ್ಕದ ಹೂವಿನಂಗಡಿಯಲ್ಲಿದ್ದ ಬಕೆಟ್ಟನ್ನು ಹೂವಿನ ಸಮೇತ ಎತ್ತಿ ತಂದು ತಕ್ಕಡಿಯವರ ಮಡಿಲಿಗೆ ಸುರಿದ. ಭುಸ್ ಎಂದು ಹಬೆ ಎದ್ದಿತು. ಅಕ್ಕಪಕ್ಕದ ಸ್ಕೂಟರಿನವರು ಇಂಜಿನ್ ಆರಿಸಿ ಗೌರವದಿಂದ ನೋಡಿದರು.

ಹೀಗೆ ಸೊಂಟದಿಂದ ಕೆಳಗೆ ತೊಯ್ದು, ಕಿಸೆಯಲ್ಲಿ ಎರಡು ಸೇವಂತಿಗೆ ಸಿಕ್ಕಿಸಿಕೊಂಡು, ಸುಟ್ಟ ರಬ್ಬರಿನ ವಾಸನೆ ಬೀರುತ್ತ ತಕ್ಕಡಿಯವರು ಕಚೇರಿಗೆ ಬಂದರೆ, ಸೂಚನಾ ಫಲಕದ ಮುಂದೆ ಗುಂಪು ಸೇರಿತ್ತು. ಗುಂಪು ದಾರಿ ಬಿಟ್ಟಿತು. ಸಂಚಾರಿ ಪರೀಕ್ಷಕರ ಹುದ್ದೆಗೆ ಆಯ್ಕೆಯಾದವರ ಹೆಸರು ಅಂಟಿಸಿದ್ದರು. ಅದು ಪೆಟ್ರೋಲ್ ಬಂಕುಗಳ ಮೀಟರು ನೋಡುವ ಪಕ್ಕದ ಮೇಜಿನವನ ಹೆಸರು. ಕೆಳಗೆ ಒಂದು ಸಾಲು: ಹಿರಿಯ ಅಭ್ಯರ್ಥಿಯನ್ನು ಅನಾರೋಗ್ಯದ ನಿಮಿತ್ತ ಕೈಬಿಡಲಾಗಿದೆ.

ಹನ್ನೊಂದು ವರ್ಷ! ತಕ್ಕಡಿಯವರು ಬಾಗಿಲು ತಟ್ಟದೆಯೇ ಮೇಡಂ ಕೋಣೆಗೆ ನುಗ್ಗಿದರು. ಅಲ್ಲಿ ಅವರ ಹೆಂಡತಿ ಕುಳಿತಿದ್ದಳು. ಪಕ್ಕದಲ್ಲಿ ಬಾಮೈದನೂ ಇದ್ದ. ಮುಂದಿನ ಚಿಕಿತ್ಸೆಯ ಬಗ್ಗೆ ಮಾತಾಡಲೆಂದು ಮೇಡಮ್ಮೇ ಕರೆಸಿದ್ದರು.

"ಯಾವ ಅನಾರೋಗ್ಯ ಮೇಡಂ? ನಂಗೇನಾಗಿದೆ?"

ಎಲ್ಲರ ಕಣ್ಣೂ ತಕ್ಕಡಿಯವರ ಪ್ಯಾಂಟಿನ ಮೇಲಿತ್ತು. ಅದರಿಂದ ನೀರು ತೊಟತೊಟ ನೆಲಕ್ಕೆ ಬೀಳುತ್ತಿತ್ತು.

"ಅಯ್ಯೋ, ಇವತ್ತು ಜಾಸ್ತೀನೇ ಆಗಿದೆ," ಎಂದಳು ಹೆಂಡತಿ. "ರಬ್ಬರು ಹಾಕಿದ್ರೂ ನಿಲ್ಲಲಿಲ್ಲವಲ್ರೀ!"

"ಏನು ನಿಲ್ಲಲಿಲ್ಲ?"

ಬಾಗಿಲಲ್ಲಿ ನಿಂತಿದ್ದ ಜವಾನನಿಗೆ ಇನ್ನು ತಡೆಯಲಾಗಲಿಲ್ಲ. "ಸಾರ್, ನಿಮಗೆ ತಡ್ಕೊಳ್ಳೋಕೆ ಆಗಲ್ಲ ಅಂತ ಎಲ್ಲರಿಗೂ ಗೊತ್ತು ಸಾರ್. ನಾವ್ಯಾರೂ ಹೊರಗೆ ಹೇಳಿಲ್ಲ. ಎದುರು ಕಟ್ಟಡದವರಿಗೆ ಮಾತ್ರ ಗೊತ್ತು."

ಮರದ ಸ್ಟೂಲು, ರೆಕ್ಸಿನ್ ಕುರ್ಚಿ, ಔಷಧಿ ಮುಚ್ಚಳದ ನೀರು, ಬಾಮೈದನ ವಿನಯ, ಎಲ್ಲವೂ ಒಂದರ ಹಿಂದೊಂದು ತಕ್ಕಡಿಯವರ ತಲೆಯೊಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕುಳಿತವು. ಒಂದು ಕಡೆ ಹನ್ನೊಂದು ವರ್ಷದ ಆಸೆ, ಇನ್ನೊಂದು ಕಡೆ ಬಾಮೈದ. ಎರಡನ್ನೂ ಒಳಗೊಳಗೇ ತೂಗಿ ನೋಡಿದರು. ಕೊನೆಗೆ ಕಣ್ಣು ಮುಚ್ಚಿ, ಒಂದೇ ಉಸಿರಿಗೆ, "ಬೈಕು ಸುಡತ್ತೆ," ಎಂದರು.

"ಏನು?"

"ಬೈಕು ಸುಡತ್ತೆ! ಸೋಫಾ ಅಲ್ಲ ಅದು, ಕಾದ ಕಾವಲಿ! ಅದಕ್ಕೇ ಒದ್ದೆ ಟವೆಲ್ ಸುತ್ಕೊಂಡು ಬರ್ತಿದ್ದೆ! ನಂಗೇನೂ ಕಾಯಿಲೆ ಇಲ್ಲ!"

ಬಾಮೈದ ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟ. "ಭಾವ," ಎಂದ, ಕರುಣೆಯಿಂದ. "ಕಾಯಿಲೆ ಮುಚ್ಚೋಕೆ ಪಾಪ ಆ ಬೈಕಿನ ಮೇಲೆ ಯಾಕೆ ತಪ್ಪು ಹೊರಿಸ್ತೀರಿ? ಅದು ಎಷ್ಟು ಆರಾಮ ಅಂತ ನೀವೇ ಹೇಳಿದ್ರಲ್ಲ."

ಮನುಷ್ಯ ಸುಳ್ಳು ಹೇಳಿದಾಗ ನಂಬುವ ಜನ ನಿಜ ಹೇಳಿದಾಗ ಎಲ್ಲಿಗೆ ಹೋಗುತ್ತಾರೋ! ತಕ್ಕಡಿಯವರು ಪ್ಯಾಂಟು ಮೇಲೆತ್ತಿ ತೊಡೆ ತೋರಿಸಲು ಹೋದರು. ಮೇಡಂ ಕಿರುಚಿದರು. ಜವಾನ ಪರದೆ ಎಳೆದ.

"ಹಾಗಾದ್ರೆ ನೀನೇ ಓಡಿಸಿ ನೋಡು!" ಎಂದು ತಕ್ಕಡಿಯವರು ಬೀಗದ ಕೈಯನ್ನು ಬಾಮೈದನ ಅಂಗೈಗೆ ಕುಕ್ಕಿದರು. "ಏಳು ಸಿಗ್ನಲ್ಲು. ಹೋಗಿ ಬಾ!"

ಮೇಡಂ ಎಷ್ಟಾದರೂ ಅಳತೆ ಇಲಾಖೆಯವರು. ಪರೀಕ್ಷೆ ಎಂದರೆ ಅವರಿಗೆ ಜೀವ. "ಆಗ್ಲಿ. ಇಲಾಖೆ ಕ್ರಮದ ಪ್ರಕಾರವೇ ಆಗ್ಲಿ," ಎಂದರು. ಜವಾನ ಬಾಮೈದನ ತಿಳಿಬೂದು ಪ್ಯಾಂಟನ್ನು ಮುಂದಿನಿಂದಲೂ ಹಿಂದಿನಿಂದಲೂ ಮುಟ್ಟಿ ನೋಡಿ, "ಒಣಗಿದೆ," ಎಂದು ವರದಿ ಒಪ್ಪಿಸಿದ. ಟೈಪಿಸ್ಟು ಸಮಯ ಬರೆದುಕೊಂಡಳು: ಹನ್ನೊಂದು ಗಂಟೆ ಐದು ನಿಮಿಷ. ಬಾಮೈದ ನಗುನಗುತ್ತ ರೇಡಿಯೋ ಹಾಕಿಕೊಂಡು ಹೊರಟ.

ಕಚೇರಿಯ ಮೆಟ್ಟಿಲ ಮೇಲೆ ಅಷ್ಟೂ ಜನ ಸಾಲಾಗಿ ನಿಂತು ಕಾದರು. ಎದುರು ಕಟ್ಟಡದವರೂ ಕಿಟಕಿಗೆ ಬಂದರು. ನಲವತ್ತು ನಿಮಿಷವಾದ ಮೇಲೆ ಮೂಲೆಯಲ್ಲಿ ಬೈಕು ಕಾಣಿಸಿತು. ರೇಡಿಯೋ ನಿಂತಿತ್ತು. ಬಾಮೈದ ಎರಡೂ ಕಾಲನ್ನು ರೆಕ್ಕೆಯಂತೆ ಅಗಲಿಸಿಕೊಂಡು, ಬಾಯಿಂದ ಗಾಳಿ ಊದಿಕೊಳ್ಳುತ್ತ ಬಂದ. ಗಾಡಿಯನ್ನು ಹೇಗೋ ನಿಲ್ಲಿಸಿ ಇಳಿದ.

ತಿಳಿಬೂದು ಪ್ಯಾಂಟು ಸೊಂಟದಿಂದ ಮಂಡಿಯವರೆಗೆ ಒದ್ದೆಯಾಗಿತ್ತು.



"ಆರನೇ ಸಿಗ್ನಲ್‌ನಲ್ಲಿ... ತಡೆಯೋಕಾಗ್ಲಿಲ್ಲ ಅಕ್ಕ," ಎಂದ ಬಾಮೈದ. "ಬಾಟ್ಲಿ ನೀರು ಕೊಂಡು ಸುರ್ಕೊಂಡೆ. ನಿಜವಾಗ್ಲೂ ಬಾಟ್ಲೀದೇ!"

ಜವಾನ ಮೇಡಂ ಕಿವಿಯ ಬಳಿ ಬಗ್ಗಿದ. "ಇವರಿಗೂ ಬಂತು ಮೇಡಂ. ಅಂಟುಜಾಡ್ಯ ಇರ್ಬೇಕು."

ಮೇಡಂ ಅವನನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲಿಳಿದು ಬಂದು, ಹಿಂದಿನ ಸಿಲಿಂಡರಿನ ಹತ್ತಿರ ಅಂಗೈ ಹಿಡಿದರು. ಮರುಕ್ಷಣ ಕೈ ಹಿಂದಕ್ಕೆಳೆದು ಕಿವಿಯ ತುದಿ ಹಿಡಿದುಕೊಂಡರು. ಇಲಾಖೆಯ ಭಾಷೆಯಲ್ಲಿ ಅದಕ್ಕಿಂತ ಪಕ್ಕಾ ಪುರಾವೆ ಇನ್ನೊಂದಿಲ್ಲ. ಫಲಕದ ಮೇಲಿನ ಹಾಳೆ ಹರಿಯಿತು. ಹೊಸ ಹಾಳೆ ಬಂತು. ಮೀಟರಿನವನಿಗೂ ಬೇಸರವಾಗಲಿಲ್ಲ. ಅವನಿಗೆ ಊರೂರು ತಿರುಗುವುದೆಂದರೆ ಮೊದಲೇ ಆಗದು.

ಬಾಮೈದ ಭಾವನ ಪಕ್ಕದಲ್ಲೇ ರೆಕ್ಸಿನ್ ಕುರ್ಚಿಯ ಮೇಲೆ ಕುಳಿತು ಒಣಗಿದ.

"ಭಾವ," ಎಂದ ಕೊನೆಗೆ. "ಹದಿನೈದು ದಿನ ಇದನ್ನ ಹೇಗೆ ತಡ್ಕೊಂಡ್ರಿ?"

"ನಿನ್ನಿಂದಾಗಿ ಕಣೋ," ಎಂದರು ತಕ್ಕಡಿಯವರು.

ಆ ಸಂಜೆ ಹೆಂಡತಿ ಅವರೆದುರು ತುಂಬಿದ ಕೊಡವನ್ನೇ ತಂದು ಕುಕ್ಕಿದಳು. ಕುಡಿದು ಮುಗಿಸುವವರೆಗೂ ಒಂದು ಮಾತಾಡಲಿಲ್ಲ. ಮುಗಿದ ಮೇಲೆ ಮಾತ್ರ ಎರಡು ತಾಸು ನಿಲ್ಲಿಸಲಿಲ್ಲ.

ತಿಂಗಳು ಕಳೆದು ತಕ್ಕಡಿಯವರ ಮೊದಲ ಸಂಚಾರ ಹೊರಟಿತು. ನೂರಾ ಎಂಬತ್ತು ಕಿಲೋಮೀಟರು ದೂರದ ಬೆಟ್ಟದ ಮೇಲಿನ ತರಕಾರಿ ಮಾರುಕಟ್ಟೆ. ಪೆಟ್ಟಿಗೆಗಳಲ್ಲಿ ತೂಕದ ಬಟ್ಟುಗಳು, ಹಿಂದಿನ ಸೀಟಿನಲ್ಲಿ ಹೆಂಡತಿ. ಊರ ಕೊನೆಯ ಸಿಗ್ನಲ್ಲು ದಾಟಿ ಉದ್ದ ರಸ್ತೆ ಸಿಕ್ಕಿದ್ದೇ ತಡ, ಗಾಳಿ ಬಂದು ಇಂಜಿನ್ನನ್ನು ತಣ್ಣಗೆ ನೇವರಿಸಿತು. ಹೆಂಡತಿ ದಿಂಬಿಗೆ ಒರಗಿದವಳು ಮೂವತ್ತನೇ ಕಿಲೋಮೀಟರಿಗೆ ಗೊರಕೆ ಹೊಡೆಯುತ್ತಿದ್ದಳು. ಹಡಗಿನ ಮುದುಕ ಸುಳ್ಳು ಹೇಳಿರಲಿಲ್ಲ.

ರಾತ್ರಿ ಬೆಟ್ಟದ ಮೇಲಿನ ಇಲಾಖೆಯ ಕೊಠಡಿಯಲ್ಲಿ ತಂಗಿ, ಬೆಳಿಗ್ಗೆ ಆರೂವರೆಗೆ ಮಾರುಕಟ್ಟೆಗೆ ಹೋದರೆ, ಹಲ್ಲು ಕಟಕಟ ಎನ್ನುವ ಚಳಿ. ಇಲಾಖೆಯ ಜೀಪು ಬಂದರೆ ಸಾಕು, ಆ ಮಾರುಕಟ್ಟೆಯ ಕಳ್ಳ ತಕ್ಕಡಿಗಳೆಲ್ಲ ಗೋಣಿಚೀಲದೊಳಗೆ ಮಾಯವಾಗುತ್ತಿದ್ದವೆಂದು ಹಳೆಯ ಕಡತಗಳಲ್ಲಿ ಬರೆದಿತ್ತು. ತಕ್ಕಡಿಯವರು ಕಿರಿದಾದ ಓಣಿಯಲ್ಲಿ ಹೆಜ್ಜೆ ಹೆಜ್ಜೆಗೆ ನಿಲ್ಲಿಸುತ್ತ ಬೈಕನ್ನು ನಡುಮಧ್ಯಕ್ಕೆ ತಂದರು. ಅಷ್ಟರಲ್ಲಿ ಇಂಜಿನ್ನು ಚೆನ್ನಾಗಿ ಕಾದಿತ್ತು, ಫ್ಯಾನು ತಿರುಗಿತು. ಮೊದಲು ಒಬ್ಬ ಎಲೆಕೋಸಿನವನು ಬಂದು ಕೈ ಚಾಚಿದ. ಆಮೇಲೆ ಇನ್ನಿಬ್ಬರು. ಎರಡು ನಿಮಿಷದಲ್ಲಿ ಇಡೀ ಮಾರುಕಟ್ಟೆ ಬೈಕಿನ ಸುತ್ತ ಕೂತು ಅಂಗೈ ಕಾಯಿಸುತ್ತಿತ್ತು. ತಕ್ಕಡಿಗಳೆಲ್ಲ ಅಂಗಡಿಗಳಲ್ಲಿ ಅನಾಥವಾಗಿ ಬಿದ್ದಿದ್ದವು. ತಕ್ಕಡಿಯವರು ಯಾರ ಅಡ್ಡಿಯೂ ಇಲ್ಲದೆ ಒಂದೊಂದನ್ನೇ ಪರೀಕ್ಷಿಸಿ, ಒಂಬತ್ತನ್ನು ಜಪ್ತಿ ಮಾಡಿದರು.

ಹತ್ತನೆಯದು ಆಲೂಗಡ್ಡೆ ಮಾರುವ ಮುದುಕಿಯದು. ಮೂರು ಸಲ ತೂಗಿ ನೋಡಿದರು. ಪ್ರತಿ ಕೆಜಿಗೂ ಅರವತ್ತು ಗ್ರಾಂ ಹೆಚ್ಚಿಗೆ ಹೋಗುತ್ತಿತ್ತು. ಅಷ್ಟು ವರ್ಷವೂ ಅವಳು ತನಗೆ ತಾನೇ ಮೋಸ ಮಾಡಿಕೊಂಡಿದ್ದಳು.

ತಕ್ಕಡಿಯವರು ಬೈಕಿನ ಬಳಿಗೆ ಬಂದು, ಹಿಂದಿನ ಸಿಲಿಂಡರಿನ ಪಕ್ಕದಲ್ಲೇ ಅತ್ಯುತ್ತಮ ಜಾಗ ಹಿಡಿದು ಕುಳಿತಿದ್ದ ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತರು.

"ಅಜ್ಜಿ, ನಿನ್ನ ತಕ್ಕಡಿಯಲ್ಲಿ ದೋಷ ಇದೆ. ಎಷ್ಟು ನಷ್ಟ ಆಗಿದೆ ಗೊತ್ತಾ ನಿಂಗೆ? ಬಾ, ಸರಿ ಮಾಡಿ ಕೊಡ್ತೀನಿ. ಈ ಇಂಜಿನ್ ಒಂದು ಆರಿಸಿ ಬಿಡ್ತೀನಿ ಇರು," ಎಂದು ಬೀಗದ ಕೈಗೆ ಕೈ ಚಾಚಿದರು.

ಮುದುಕಿ ಅವರ ಕೈಯನ್ನು ಬೀಗದ ಕೈಯ ಮೇಲಿಂದ ಫಟ್ಟನೆ ಹೊಡೆದು ಸರಿಸಿದಳು.

"ತಕ್ಕಡಿ ಹಾಳಾಗಿ ಹೋಗ್ಲಿ," ಎಂದಳು. "ಇಂಜಿನ್ ಆರಿಸಿದ್ರೆ, ನೋಡು!"